ಅಂಗಳದಂಚಿನಿಂದ: ಬಿಲ್ಲೆಗೆ ಹೊಡೆದವನು, ಮನುಷ್ಯನಿಗೆ ಹೊಡೆದವನು

(ಓದುಗರ ಕ್ರೀಡಾ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಕಬಡ್ಡಿ ತೀರ್ಪುಗಾರ್ತಿಯ ಉತ್ತರ)

ಪ್ರಶ್ನೆ: ನಮಸ್ಕಾರ ಟೀಚರ್. ನನ್ನ ಮಗನ ಸಂಸಾರ ಟೊರಾಂಟೊದಲ್ಲಿದೆ. ಹನ್ನೊಂದು ವರ್ಷದ ಮೊಮ್ಮಗ ಅಲ್ಲಿ ಐಸ್ ಹಾಕಿ ಆಡುತ್ತಾನೆ. ಕಳೆದ ತಿಂಗಳು ಅವನ ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಎದುರಾಳಿಗಳ ಗೋಲಿನಲ್ಲಿ ಕೀಪರ್ ಇರಲಿಲ್ಲವಂತೆ. ಮೆಲ್ಲನೆ ತಳ್ಳಿದರೂ ಒಳಗೆ ಹೋಗುತ್ತಿದ್ದ ಬಿಲ್ಲೆಯನ್ನು (ಆ ಆಟದಲ್ಲಿ ಚೆಂಡಿನ ಬದಲು ಬಳಸುವುದು) ಇವನು ಕೋಲೆತ್ತಿ ಬಲವಾಗಿ ಬಾರಿಸಿದ. ಎದುರು ತಂಡದ ಹುಡುಗನೊಬ್ಬ ಸಿಟ್ಟಿನಿಂದ ಬಂದು ಕೋಲನ್ನು ಅಡ್ಡ ಹಿಡಿದು ಇವನನ್ನು ಕೆಡವಿದ. ಗಾಯವೇನೂ ಆಗಲಿಲ್ಲ. ಮನೆಗೆ ಬಂದ ಮೇಲೆ ನನ್ನ ಮಗ, 'ತಪ್ಪು ನಿನ್ನದೇ, ಎದುರಾಳಿಯನ್ನು ಹಂಗಿಸಿದರೆ ಪೆಟ್ಟು ತಿನ್ನಲು ತಯಾರಿರಬೇಕು, ಈ ಆಟದ ರೀತಿಯೇ ಹಾಗೆ' ಎಂದನಂತೆ. ಹುಡುಗ ವಿಡಿಯೊ ಕರೆಯಲ್ಲಿ ನನ್ನೆದುರು ಅತ್ತುಬಿಟ್ಟ. ಅಜ್ಜನಾಗಿ ನಾನು ಏನು ಹೇಳಲಿ?
ಕಿನ್ನಿಗೋಳಿಯ ಓದುಗರು

ಉತ್ತರ: ಇವತ್ತೇ ಕರೆ ಮಾಡಿ ಹೇಳಿ. ಅವನು ಹೊಡೆದದ್ದು ರಬ್ಬರಿನ ಬಿಲ್ಲೆಗೆ, ಇನ್ನೊಬ್ಬ ಹೊಡೆದದ್ದು ಮನುಷ್ಯನಿಗೆ. ಇವೆರಡನ್ನು ಒಂದೇ ತಕ್ಕಡಿಗೆ ಹಾಕಲು ನಾನು ಒಪ್ಪುವುದಿಲ್ಲ.

ನಿಮ್ಮ ಮಗ ಯಾಕೆ ಹಾಗೆಂದರು ಎಂಬುದು ನನಗೆ ಅರ್ಥವಾಗುತ್ತದೆ. ನಿಮ್ಮ ಮೊಮ್ಮಗ ಮಾಡಿದ್ದನ್ನೇ ವೃತ್ತಿಪರ ಆಟಗಾರನೊಬ್ಬ ಅವರ ಊರಿನ ತಂಡದ ವಿರುದ್ಧವೇ ಮಾಡಿದ್ದ. 2024ರ ಫೆಬ್ರವರಿ 10ರಂದು ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್ ಪಂದ್ಯದಲ್ಲಿ ಒಟ್ಟಾವ ಸೆನೆಟರ್ಸ್ 4-3ರಿಂದ ಮುಂದಿತ್ತು. ಸೋಲುತ್ತಿರುವ ತಂಡ ಕೊನೆಯ ಹೊತ್ತಿನಲ್ಲಿ ಗೋಲ್‌ಕೀಪರನನ್ನು ಹೊರಗೆ ಕರೆದು ಇನ್ನೊಬ್ಬ ದಾಳಿಗಾರನನ್ನು ಇಳಿಸುವುದು ಆ ಆಟದಲ್ಲಿ ಮಾಮೂಲು. ಟೊರಾಂಟೊ ಮೇಪಲ್ ಲೀಫ್ಸ್ ಹಾಗೆಯೇ ಮಾಡಿತ್ತು. ಬಿಲ್ಲೆ ಒಟ್ಟಾವದ ರಿಡ್ಲಿ ಗ್ರೀಗ್‌ಗೆ ಸಿಕ್ಕಿತು. ಅವನು ಖಾಲಿ ಗೋಲಿನ ಬಾಯಿಯ ತನಕ ಜಾರುತ್ತಾ ಹೋಗಿ, ದೂರದಿಂದ ಹೊಡೆಯುವಾಗಿನಂತೆ ಕೋಲನ್ನು ಪೂರ್ತಿ ಎತ್ತಿ ಸ್ಲ್ಯಾಪ್ ಶಾಟ್ ಹೊಡೆದ. ಮರುಕ್ಷಣ ಟೊರಾಂಟೊದ ಮಾರ್ಗನ್ ರೈಲಿ ಅವನತ್ತ ಹೋಗಿ ಎರಡೂ ಕೈಯಲ್ಲಿ ಕೋಲನ್ನು ಅಡ್ಡ ಹಿಡಿದು ತಲೆಯ ಭಾಗಕ್ಕೇ ತಾಗಿಸಿದ. ಗ್ರೀಗ್‌ಗೆ ಪೆಟ್ಟಾಗಲಿಲ್ಲ. ರೈಲಿಗೆ ಆ ತನಕ ಒಮ್ಮೆಯೂ ನಿಷೇಧವಾಗಿರಲಿಲ್ಲ. ಆದರೂ ಐದು ಪಂದ್ಯಗಳ ನಿಷೇಧ ಬಂತು, 1,95,000 ಡಾಲರ್‌ಗೂ ಮಿಕ್ಕಿದ ಸಂಬಳ ಹೋಯಿತು. ಆಟಗಾರರ ಸಂಘ ಮೇಲ್ಮನವಿ ಹಾಕಿತು. ಲೀಗಿನ ಮುಖ್ಯಸ್ಥ ಗ್ಯಾರಿ ಬೆಟ್ಮನ್ ಶಿಕ್ಷೆಯನ್ನು ಎತ್ತಿಹಿಡಿದರು. ಗ್ರೀಗ್‌ಗೆ ಲೀಗಿನಿಂದ ಯಾವ ಶಿಕ್ಷೆಯೂ ಇಲ್ಲ. ಯಾಕೆಂದರೆ ಗೋಲಿಗೆ ಎಷ್ಟು ಜೋರಾಗಿ ಹೊಡೆಯಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಈ ತೀರ್ಪು ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಗಾಯವಾಗದಿದ್ದರೂ ಶಿಕ್ಷೆಯಾಯಿತಲ್ಲ, ಅದು ನನಗೆ ಹೆಚ್ಚು ಸಮಾಧಾನ ಕೊಟ್ಟ ಸಂಗತಿ. ಕೋಲು ತಲೆಯತ್ತ ಹೋದದ್ದೇ ಅಪರಾಧ. ರಕ್ತ ಬಂದಿತೇ ಇಲ್ಲವೇ ಎಂಬುದು ಹೊಡೆದವನ ಪುಣ್ಯ.

ಇನ್ನು ನಿಮ್ಮ ಮಗ ಹೇಳಿದ 'ಆಟದ ರೀತಿ'. ಅಲ್ಲಿನವರು ಅದನ್ನು 'ಕೋಡ್' ಎನ್ನುತ್ತಾರೆ, ಎಲ್ಲಿಯೂ ಬರೆದಿಡದ ಕಟ್ಟಳೆ. ನಮ್ಮ ತಂಡದ ಒಳ್ಳೆಯ ಆಟಗಾರನನ್ನು ಮುಟ್ಟಿದರೆ, ಗೆದ್ದು ಮೆರೆದರೆ, ಬಂದು ಮುಷ್ಟಿ ಎತ್ತು. ವೇಯ್ನ್ ಗ್ರೆಟ್ಸ್‌ಕಿಯಂತಹ ಮಹಾನ್ ಆಟಗಾರನಿಗೆ ಎಡ್ಮಂಟನ್ ತಂಡದಲ್ಲಿ ಡೇವ್ ಸೆಮೆಂಕೊ ಎಂಬ ಬಲಶಾಲಿ ಕಾವಲಿಗಿದ್ದ. ಈ ಕಟ್ಟಳೆ ಹುಟ್ಟಿದ್ದಕ್ಕೆ ಕಾರಣವಿದೆ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಮೇಲೆ ಹತ್ತು ಜನ ಆಟಗಾರರು ಅಷ್ಟು ವೇಗದಲ್ಲಿ ಜಾರುತ್ತಿರುವಾಗ, 1990ರ ದಶಕದ ಕೊನೆಯವರೆಗೆ ಒಬ್ಬನೇ ರೆಫರಿ ಇರುತ್ತಿದ್ದ. ಇಬ್ಬರು ಲೈನ್ಸ್‌ಮನ್ ಇದ್ದರೂ ಪೆನಾಲ್ಟಿ, ಅಂದರೆ ತಪ್ಪು ಮಾಡಿದವನನ್ನು ಕೆಲವು ನಿಮಿಷ ಹೊರಗೆ ಕೂರಿಸುವ ಶಿಕ್ಷೆ, ಕೊಡುವ ಮುಖ್ಯ ಹೊಣೆ ಅವನೊಬ್ಬನದು. ಅವನ ಬೆನ್ನ ಹಿಂದೆ ಏನಾಯಿತೋ ಅದರ ನ್ಯಾಯವನ್ನು ಆಟಗಾರರು ತಾವೇ ಮಾಡಿಕೊಂಡರು. ನಾನು ಇಪ್ಪತ್ತಾರು ವರ್ಷ ಕಬಡ್ಡಿ ಅಂಕಣದಲ್ಲಿ ವಿಸಿಲ್ ಹಿಡಿದು ನಿಂತವಳು. ತೀರ್ಪುಗಾರರ ಕಣ್ಣು ತಪ್ಪಿದ ಕಡೆ ಮುಷ್ಟಿ ಏಳುತ್ತದೆ ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಸೇಡಿನಲ್ಲಿ ಎರಡು ಬಗೆ ಇವೆ. ಎರಡನ್ನೂ ಬೇರೆ ಬೇರೆ ನೋಡಬೇಕು ಎಂದು ನನಗನಿಸುತ್ತದೆ. ರೈಲಿಯದು ಮಾನಕ್ಕೆ ತಾಗಿದ ಸೇಡು. 1993ರ ಏಪ್ರಿಲ್ 28ರಂದು ವಾಷಿಂಗ್ಟನ್‌ನ ಡೇಲ್ ಹಂಟರ್ ಮಾಡಿದ್ದೂ ಅದನ್ನೇ. ಅವನು ಕೈಬಿಟ್ಟ ಬಿಲ್ಲೆಯನ್ನು ಕಸಿದು ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಪಿಯೆರ್ ಟರ್ಜನ್ ಗೋಲು ಹೊಡೆದ. ಸರಣಿಯೇ ಕೈತಪ್ಪುತ್ತಿದ್ದ ಹೊತ್ತು. ಟರ್ಜನ್ ಎರಡೂ ಕೈ ಎತ್ತಿ ಸಂಭ್ರಮಿಸುತ್ತಿದ್ದಾಗ ಹಂಟರ್ ಹಿಂದಿನಿಂದ ಬಂದು ಅವನನ್ನು ಅಪ್ಪಳಿಸಿದ. ಟರ್ಜನ್‌ನ ಹೆಗಲ ಕೀಲು ತಪ್ಪಿತು. ಮುಖ್ಯಸ್ಥರಾಗಿ ಮೂರೇ ತಿಂಗಳಾಗಿದ್ದ ಬೆಟ್ಮನ್ 21 ಪಂದ್ಯಗಳ ನಿಷೇಧ ಹಾಕಿದರು. ಇಂತಹ ಸೇಡಿನ ಹೊಣೆ ಪೂರ್ತಿಯಾಗಿ ಹೊಡೆದವನದು. ಮಾನ ಹೋಯಿತೆಂದರೆ ಮುಂದಿನ ಪಂದ್ಯದಲ್ಲಿ ಗೋಲು ಹೊಡೆದು ವಾಪಸು ಪಡೆಯಲಿ.

ಇನ್ನೊಂದು ಬಗೆ, ನಿಜವಾಗಿ ಅನ್ಯಾಯವಾಗಿ, ಅದಕ್ಕೆ ಯಾರೂ ಏನೂ ಮಾಡದೇ ಹೋದಾಗ ಹುಟ್ಟುವ ಸೇಡು. ಇದರ ಬಗ್ಗೆ ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ.

2004ರ ಫೆಬ್ರವರಿ 16. ಕೊಲೊರಾಡೊ ತಂಡದ ಸ್ಟೀವ್ ಮೂರ್ ಎಂಬ 25ರ ಹುಡುಗ ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನಾಸ್ಲುಂಡ್‌ನನ್ನು ಡಿಕ್ಕಿ ಹೊಡೆದು ಕೆಡವಿದ. ನಾಸ್ಲುಂಡ್‌ನ ತಲೆಗೆ ಪೆಟ್ಟಾಯಿತು. ರೆಫರಿಗಳು ಪೆನಾಲ್ಟಿ ಕೊಡಲಿಲ್ಲ. ಲೀಗೂ ಪರಿಶೀಲಿಸಿ ಸುಮ್ಮನಾಯಿತು. ವ್ಯಾಂಕೂವರ್ ಆಟಗಾರರೊಳಗೆ ಅದು ಕುದಿಯಿತು. ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಮತ್ತೆ ಎದುರಾದರು. ಮೊದಲ ಅವಧಿಯಲ್ಲೇ ಮ್ಯಾಟ್ ಕುಕ್ ಎಂಬವನು ಮೂರ್‌ನೊಡನೆ ಕೈಕೈ ಮಿಲಾಯಿಸಿ ಬಡಿದಾಡಿದ; ಮೂರ್ ಹಿಂದೆ ಸರಿಯದೆ ಎದುರು ನಿಂತ. ಅವರದೇ ಕಟ್ಟಳೆಯ ಪ್ರಕಾರ ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಮೂರನೆಯ ಅವಧಿಯಲ್ಲಿ, ವ್ಯಾಂಕೂವರ್ ದೊಡ್ಡ ಅಂತರದಲ್ಲಿ ಸೋಲುತ್ತಿದ್ದಾಗ, ಟಾಡ್ ಬರ್ಟೂಜಿ ಮೂರ್‌ನ ಬೆನ್ನು ಹತ್ತಿದ, ಅಂಗಿ ಹಿಡಿದ, ಹಿಂದಿನಿಂದ ತಲೆಗೆ ಗುದ್ದಿ ಮುಖ ಅಡಿಯಾಗಿ ಮಂಜುಗಡ್ಡೆಗೆ ಒತ್ತಿದ. ಅವರ ಮೇಲೆ ಉಳಿದವರು ಬಿದ್ದರು. ಮೂರ್‌ನ ಕತ್ತಿನ ಮೂರು ಕಶೇರುಗಳು ಮುರಿದವು. ಅವನು ಮತ್ತೆ ವೃತ್ತಿಪರ ಹಾಕಿ ಆಡಲಿಲ್ಲ.

ಬರ್ಟೂಜಿಗೆ ಆ ವರ್ಷದ ಉಳಿದ ಪಂದ್ಯಗಳೆಲ್ಲ ಹೋದವು, ಒಟ್ಟು 20. ಮುಂದಿನ ಋತು ಮಾಲೀಕರು ಮತ್ತು ಆಟಗಾರರ ತಗಾದೆಯಿಂದ ನಡೆಯಲೇ ಇಲ್ಲವಾದ್ದರಿಂದ ಅವನು ಹದಿನೇಳು ತಿಂಗಳು ಹೊರಗಿದ್ದ. ಐದು ಲಕ್ಷ ಡಾಲರ್ ಮಿಕ್ಕಿ ಸಂಬಳ ಕಳೆದುಕೊಂಡ. ಕೆನಡದ ನ್ಯಾಯಾಲಯದಲ್ಲಿ ಹಲ್ಲೆಯ ತಪ್ಪೊಪ್ಪಿಕೊಂಡು ಒಂದು ವರ್ಷದ ಪ್ರೊಬೇಷನ್ ಮತ್ತು 80 ಗಂಟೆಗಳ ಸಮುದಾಯ ಸೇವೆಯ ಆದೇಶ ಪಡೆದ. ಮೂರ್ ಹೂಡಿದ ಪರಿಹಾರದ ದಾವೆ ಮುಗಿದದ್ದು 2014ರಲ್ಲಿ, ನ್ಯಾಯಾಲಯದ ಹೊರಗಿನ ಒಪ್ಪಂದದಲ್ಲಿ. ಹತ್ತು ವರ್ಷ! ಆ ಹತ್ತು ವರ್ಷಗಳಲ್ಲಿ ಬಹುಪಾಲು ಕಾಲ ಬರ್ಟೂಜಿ ಆಡುತ್ತಲೇ ಇದ್ದ.

ಬರ್ಟೂಜಿ ಮಾಡಿದ್ದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಆದರೆ ಫೆಬ್ರವರಿ 16ರಂದು ಒಂದು ಪೆನಾಲ್ಟಿ ಬಿದ್ದಿದ್ದರೆ, ಲೀಗು ಒಂದೆರಡು ಪಂದ್ಯಗಳ ನಿಷೇಧ ಹಾಕಿದ್ದರೆ, ಮಾರ್ಚ್ 8 ಹಾಗೆ ಬರುತ್ತಿತ್ತೇ? ಈ ಪ್ರಶ್ನೆ ನನ್ನನ್ನು ಬಿಡದಿರುವುದಕ್ಕೆ ನನ್ನದೇ ಕಾರಣವಿದೆ.

ಕಾರ್ಕಳ ತಾಲೂಕಿನ ಒಂದು ಹಳ್ಳಿಯಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ಹೆಣ್ಣುಮಕ್ಕಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ಮೂವತ್ತು ವರ್ಷಗಳ ಹಿಂದಿನ ಮಾತು. ಒಬ್ಬಳು ರೈಡರ್ ಮೂವರನ್ನು ಮುಟ್ಟಿ ಬಂದು ಮಧ್ಯಗೆರೆ ದಾಟಿದವಳೇ ತೊಡೆ ತಟ್ಟಿದಳು. ಜನ ಹುಚ್ಚೆದ್ದು ಕೂಗಿದರು. ಅವಳ ಮುಂದಿನ ರೈಡಿನಲ್ಲಿ ಎದುರಾಳಿ ತಂಡದ ಹುಡುಗಿಯೊಬ್ಬಳು ಜಡೆ ಹಿಡಿದು ಎಳೆದು ಬೀಳಿಸಿದಳು. ನಾನು ಕಂಡೆ. ವಿಸಿಲ್ ತುಟಿಯಲ್ಲೇ ಇತ್ತು. ಪಂದ್ಯ ಮುಗಿಯಲು ನಾಲ್ಕು ನಿಮಿಷ, ಸಂಘಟಕರು ಬೇಗ ಮುಗಿಸಿ ಎಂದು ಎರಡು ಬಾರಿ ಹೇಳಿ ಹೋಗಿದ್ದರು, ಸುತ್ತ ಅಷ್ಟು ಜನ. ನಾನು ಊದಲಿಲ್ಲ. ಎರಡು ನಿಮಿಷದೊಳಗೆ ಜಡೆ ಎಳೆದವಳೇ ರೈಡಿಗೆ ಬಂದಳು. ನಾಲ್ವರು ಸೇರಿ ಅವಳನ್ನು ಎತ್ತಿ ಅಂಕಣದ ಹೊರಗೆ, ಗದ್ದೆಯ ಬದುವಿನ ಕಲ್ಲಿನ ಮೇಲೆ ಒಗೆದರು. ಕುತ್ತಿಗೆ ಬುಡದ ಎಲುಬು ಮುರಿಯಿತು. ಒಂಬತ್ತನೆಯ ತರಗತಿಯ ಹುಡುಗಿ. ಅವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳುಹಿಸಿದ ಮೇಲೆ ಒಗೆದವರಲ್ಲಿ ಒಬ್ಬಳನ್ನು ನಿಲ್ಲಿಸಿ ಬೈದೆ. ಅವಳು ಅಳುತ್ತಲೇ ಹೇಳಿದಳು: 'ನೀವು ನೋಡಿಯೂ ಸುಮ್ಮನಿದ್ದಿರಿ ಟೀಚರ್.'

ಆ ನಾಲ್ವರನ್ನೂ ಪಂದ್ಯಾಟದಿಂದ ಹೊರಗೆ ಹಾಕಿದೆ, ವರದಿ ಬರೆದೆ. ಅವರು ಮಾಡಿದ್ದು ತಪ್ಪೇ. ಆದರೆ ಆ ವರದಿಯಲ್ಲಿ ನನ್ನ ಹೆಸರೂ ಇರಬೇಕಿತ್ತು.

ಕಟ್ಟಳೆಯ ಪರ ನಿಲ್ಲುವವರು ಇನ್ನೊಂದು ಕತೆಯನ್ನು ಮುಂದಿಡುತ್ತಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1996ರ ಮೇ ತಿಂಗಳಲ್ಲಿ ಕೊಲೊರಾಡೊದ ಕ್ಲಾಡ್ ಲೆಮ್ಯು ಡೆಟ್ರಾಯಿಟ್‌ನ ಕ್ರಿಸ್ ಡ್ರೇಪರನನ್ನು ಹಿಂದಿನಿಂದ ಅಂಗಳದ ಸುತ್ತಲಿನ ಹಲಗೆಗೆ ಗುದ್ದಿಸಿದ. ದವಡೆ, ಮೂಗು, ಕೆನ್ನೆಯ ಮೂಳೆ ಮುರಿದವು. ಶಿಕ್ಷೆ ಎರಡೇ ಪಂದ್ಯ. 1997ರ ಮಾರ್ಚ್ 26ರಂದು ಡೆಟ್ರಾಯಿಟ್‌ನ ಡ್ಯಾರೆನ್ ಮೆಕಾರ್ಟಿ ಲೆಮ್ಯುನನ್ನು ರಕ್ತ ಬರುವಂತೆ ಹೊಡೆದ. ಮೆಕಾರ್ಟಿಯನ್ನು ಪಂದ್ಯದಿಂದ ಹೊರಗೂ ಕಳುಹಿಸಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದವನೂ ಅವನೇ. ಆ ವರ್ಷದ ಲೀಗಿನ ಪ್ರಶಸ್ತಿ ಸ್ಟ್ಯಾನ್ಲಿ ಕಪ್ ಡೆಟ್ರಾಯಿಟ್‌ಗೆ ಹೋಯಿತು. ಆ ಊರಿನವರು ಇಂದಿಗೂ ಆ ರಾತ್ರಿಯನ್ನು ಹಬ್ಬದಂತೆ ನೆನೆಯುತ್ತಾರೆ. ಓದುವಾಗ ನನ್ನೊಳಗೂ ಒಂದು ತೃಪ್ತಿ ಎದ್ದದ್ದು ನಿಜ. ಆದರೆ ಅದೇ ಮುಷ್ಟಿ ಬೇರೆ ರಾತ್ರಿ ಬರ್ಟೂಜಿಯ ಕೈಯಲ್ಲಿತ್ತು. ಹಿಂದಿನಿಂದ ಗುದ್ದಿ ಮುಖ ಮುರಿದದ್ದಕ್ಕೆ ಎರಡು ಪಂದ್ಯ ಎಂದು ಲೀಗು ಬೆಲೆ ಕಟ್ಟಿದ್ದರಿಂದಲೇ ಮಿಕ್ಕ ಬೆಲೆಯನ್ನು ಮೆಕಾರ್ಟಿ ವಸೂಲು ಮಾಡಿದ.

ಇತ್ತೀಚೆಗೂ ಹಾಗೆಯೇ ಆಗಿದೆ. 2011ರಲ್ಲಿ ಎನ್‌ಎಚ್‌ಎಲ್ ಆಟಗಾರರ ಸುರಕ್ಷತೆಗೆಂದೇ ಒಂದು ವಿಭಾಗ ತೆರೆಯಿತು. ಪ್ರತಿ ಶಿಕ್ಷೆಯ ಕಾರಣವನ್ನು ದೃಶ್ಯದ ಸಮೇತ ಎಲ್ಲರಿಗೂ ವಿವರಿಸುವ ಒಳ್ಳೆಯ ಪದ್ಧತಿ ಅದರಿಂದ ಬಂತು. ಆದರೂ 2021ರ ಮೇ 3ರಂದು ವಾಷಿಂಗ್ಟನ್‌ನ ಟಾಮ್ ವಿಲ್ಸನ್, ಕೆಳಗೆ ಬಿದ್ದಿದ್ದ ಎದುರಾಳಿಗೆ ಗುದ್ದಿ, ನ್ಯೂಯಾರ್ಕ್ ರೇಂಜರ್ಸ್‌ನ ಆರ್ಟೆಮಿ ಪನಾರಿನ್‌ನನ್ನು ಎತ್ತಿ ಒಗೆದಾಗ ಬಿದ್ದದ್ದು 5,000 ಡಾಲರ್ ದಂಡ ಮಾತ್ರ. ಪನಾರಿನ್ ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ರೇಂಜರ್ಸ್ ತಂಡ ಸುರಕ್ಷತಾ ವಿಭಾಗದ ಮುಖ್ಯಸ್ಥರನ್ನು ಬಹಿರಂಗವಾಗಿ ಟೀಕಿಸಿತು. ಆ ಟೀಕೆಗೆ ಲೀಗು ಹಾಕಿದ ದಂಡ 2,50,000 ಡಾಲರ್. ಬಿದ್ದವನಿಗೆ ಗುದ್ದಿದ್ದಕ್ಕೆ ಐದು ಸಾವಿರ, ಮಾತಾಡಿದ್ದಕ್ಕೆ ಎರಡೂವರೆ ಲಕ್ಷ! ಎರಡು ದಿನ ಬಿಟ್ಟು ಅವೇ ತಂಡಗಳು ಎದುರಾದಾಗ ಆಟ ಶುರುಮಾಡಲು ರೆಫರಿ ಬಿಲ್ಲೆ ಕೆಳಗೆ ಹಾಕಿದ ಕ್ಷಣವೇ ಮೂರು ಜೋಡಿ ಆಟಗಾರರು ಕೈಗವಸು ಕಿತ್ತೆಸೆದು ಬಡಿದಾಡಿಕೊಂಡರು.

ಹಾಗಾಗಿ ಮೊಮ್ಮಗನ ಹತ್ತಿರ ಒಂದು ಮಾತು ಕೇಳಿ: ಆ ಹುಡುಗನಿಗೆ ರೆಫರಿ ಪೆನಾಲ್ಟಿ ಕೊಟ್ಟರೇ? ಕೊಟ್ಟಿದ್ದರೆ ವಿಷಯ ಅಲ್ಲಿಗೆ ಮುಗಿಯಿತು ಎಂದು ತಿಳಿಸಿ; ಮುಂದಿನ ಬಾರಿ ಸಿಕ್ಕಿದಾಗ ನೋಡಿಕೊಳ್ಳುತ್ತೇನೆ ಎಂಬ ಯೋಚನೆ ಬೇಡ. ಕೊಡದಿದ್ದರೆ ನಿಮ್ಮ ಮಗ ತಂಡದ ಕೋಚ್ ಮೂಲಕ ದೂರು ಕೊಡಲಿ.

ಖಾಲಿ ಗೋಲಿಗೆ ಹಾಗೆ ಬಾರಿಸುವುದು ಚೆಂದವೇ ಎಂದರೆ, ಅಲ್ಲ. ಸೋತು ನಿಂತ ಹುಡುಗರ ಎದುರು ಮೆಲ್ಲನೆ ತಳ್ಳಿ ತಿರುಗಿ ಬರುವುದು ಒಳ್ಳೆಯ ನಡತೆ. ಅದನ್ನೂ ಅವನಿಗೆ ಹೇಳಿ. ಆದರೆ ಪೆಟ್ಟು ತಿಂದು ಬಂದ ದಿನ ಹೇಳಬೇಡಿ. ಆ ದಿನ ಹೇಳಿದರೆ ಹುಡುಗನ ಕಿವಿಗೆ ಬೀಳುವುದು 'ನಿನಗೆ ಹೊಡೆದದ್ದು ಸರಿ' ಎಂದು ಮಾತ್ರ.

ಪ್ರಶ್ನೆ: ಐಸ್ ಹಾಕಿಯಲ್ಲಿ ಹೊಡೆದಾಡಿದರೆ ಐದೇ ನಿಮಿಷ ಹೊರಗೆ ಕೂರಿಸುತ್ತಾರೆ ಎಂದು ಕೇಳಿದೆ. ನಾವು ಮೈದಾನದಲ್ಲಿ ಆಡುವ ಹಾಕಿಯಲ್ಲಿ ಕೆಂಪು ಕಾರ್ಡ್ ಬರುತ್ತದೆ. ಇದು ನಿಜವೇ?
ಬ್ರಹ್ಮಾವರದ ಕಾಲೇಜು ವಿದ್ಯಾರ್ಥಿ

ಉತ್ತರ: ಎನ್‌ಎಚ್‌ಎಲ್‌ನಲ್ಲಿ ನಿಜ. ಇಬ್ಬರೂ ಒಪ್ಪಿ ಬಡಿದಾಡಿದರೆ ತಲಾ ಐದು ನಿಮಿಷ. ಜಗಳ ಶುರು ಮಾಡಿದವನೆಂದು ರೆಫರಿಗೆ ಖಚಿತವಾದರೆ ಅವನಿಗೆ ಇನ್ನೂ ಎರಡು ಮತ್ತು ಹತ್ತು ನಿಮಿಷ ಸೇರುತ್ತದೆ. ಇಬ್ಬರ ಜಗಳಕ್ಕೆ ಮೂರನೆಯವನಾಗಿ ನುಗ್ಗಿದವನು ಪಂದ್ಯದಿಂದಲೇ ಹೊರಗೆ. ಬೆಂಚು ಬಿಟ್ಟು ಜಗಳಕ್ಕೆ ಇಳಿದ ಮೊದಲನೆಯವನಿಗೆ ಹತ್ತು ಪಂದ್ಯಗಳ ನಿಷೇಧ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು, ಏಕೆಂದರೆ ಇಡೀ ತಂಡಗಳು ಅಂಗಳಕ್ಕಿಳಿದು ಬಡಿದಾಡುವುದನ್ನು ಅದು ಹೆಚ್ಚುಕಡಿಮೆ ಇಲ್ಲವಾಗಿಸಿದೆ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ನಿಯಮದಲ್ಲಿ ಹೊಡೆದಾಡಿದವರು ನೇರವಾಗಿ ಪಂದ್ಯದಿಂದ ಹೊರಗೆ. ಕೆನಡದ ಕ್ವಿಬೆಕ್‌ನ ಜೂನಿಯರ್ ಲೀಗು ಕೂಡ 2023ರಲ್ಲಿ ಹಾಗೆ ಮಾಡಿತು. ಬದಲಾವಣೆ ಹುಡುಗರ ಹಂತದಿಂದ ಬರುತ್ತಿರುವುದು ನನಗೆ ಸಂತೋಷದ ಸಂಗತಿ.

ಪ್ರಶ್ನೆ: ನಮ್ಮ ಶಾಲೆಯ ಕಬಡ್ಡಿಯಲ್ಲಿ ಮಕ್ಕಳು ತೊಡೆ ತಟ್ಟುವುದನ್ನು ನಿಲ್ಲಿಸಬೇಕೆಂದು ಕೆಲವು ಪೋಷಕರು ಒತ್ತಾಯಿಸುತ್ತಿದ್ದಾರೆ. ನಿಮ್ಮ ಅಭಿಪ್ರಾಯ?
ಹೆಬ್ರಿಯ ಶಿಕ್ಷಕರು

ಉತ್ತರ: ನಿಲ್ಲಿಸಬೇಡಿ, ದಯವಿಟ್ಟು. ಅಂಕ ಗಳಿಸಿದ ಮಗುವಿನ ಖುಷಿಯನ್ನು ಒತ್ತಿಹಿಡಿದು ಯಾರನ್ನು ಉದ್ಧಾರ ಮಾಡುತ್ತೇವೆ? 1991ರಲ್ಲಿ ಕ್ಯಾಲ್ಗರಿ ತಂಡದ ಥಿಯೊ ಫ್ಲ್ಯೂರಿ, ಅತ್ಯಂತ ಗಿಡ್ಡ ಆಟಗಾರರಲ್ಲಿ ಒಬ್ಬ, ಎಡ್ಮಂಟನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಇಡೀ ಮಂಜಿನ ಅಂಗಳದ ಉದ್ದಕ್ಕೂ ಮಂಡಿಯ ಮೇಲೆ, ಬೆನ್ನ ಮೇಲೆ ಜಾರಿದ. ನೋಡುವಾಗ ಕಣ್ಣು ತುಂಬುತ್ತದೆ. ಮುಂದಿನ ಪಂದ್ಯವನ್ನು ಎಡ್ಮಂಟನ್ ಗೆದ್ದು ಸರಣಿಯನ್ನೇ ಒಯ್ದಿತು. ಉತ್ತರ ಕೊಡುವ ಸರಿಯಾದ ದಾರಿ ಅದು. 2009ರಲ್ಲಿ ಅಲೆಕ್ಸ್ ಒವೆಚ್ಕಿನ್ ಋತುವಿನ 50ನೆಯ ಗೋಲು ಹೊಡೆದು, ಕೋಲನ್ನು ಕೆಳಗಿಟ್ಟು ಅದಕ್ಕೆ ಬೆಂಕಿ ಹತ್ತಿದೆಯೋ ಎಂಬಂತೆ ಕೈ ಕಾಯಿಸಿಕೊಂಡಾಗ ಹಳಬರು ಬೈದರು. ನನಗೆ ಅದರಲ್ಲಿ ಕೇಡು ಕಾಣಲಿಲ್ಲ; ಅವನು ಯಾರ ಮುಖಕ್ಕೂ ಅದನ್ನು ಹಿಡಿಯಲಿಲ್ಲ.

ನಮ್ಮ ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ರಾತ್ರಿಯಿಡೀ ಕರ್ಣನ ಅರ್ಥಧಾರಿ ಶಲ್ಯನ ಅರ್ಥಧಾರಿಯನ್ನು ಮಾತಿನಲ್ಲಿ ಸೀಳುತ್ತಾರೆ, ಬೆಳಿಗ್ಗೆ ಒಂದೇ ಪಂಕ್ತಿಯಲ್ಲಿ ಕುಳಿತು ತಿಂಡಿ ತಿನ್ನುತ್ತಾರೆ. ಐಸ್ ಹಾಕಿಯವರಿಗೂ ಇಂತಹ ಒಂದು ಪದ್ಧತಿ ಇದೆ: ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಸರಣಿ ಮುಗಿದ ಕೂಡಲೇ ಎರಡೂ ತಂಡಗಳು ಸಾಲಾಗಿ ನಿಂತು ಒಬ್ಬೊಬ್ಬರ ಕೈ ಕುಲುಕುತ್ತವೆ. ಮಕ್ಕಳಿಗೆ ಇಷ್ಟು ಹೇಳಿ: ತೊಡೆ ತಟ್ಟುವುದು ನಿಮ್ಮ ಅಂಕಣದೊಳಗೆ, ನಿಮ್ಮವರ ಕಡೆಗೆ ತಿರುಗಿ. ಬಿದ್ದವಳ ಮುಖದ ಹತ್ತಿರ ಹೋಗಿ ತಟ್ಟಿದರೆ ಎಚ್ಚರಿಕೆಯ ಹಸಿರು ಕಾರ್ಡ್ ತೋರಿಸಿ. ಎರಡನೆಯ ಬಾರಿಗೆ ಹಳದಿ ಕಾರ್ಡ್, ಎರಡು ನಿಮಿಷ ಹೊರಗೆ. ಪಂದ್ಯ ಶುರುವಾಗುವ ಮೊದಲೇ ಎರಡೂ ತಂಡಗಳಿಗೆ ಇದನ್ನು ತಿಳಿಸಿಬಿಡಿ.

ಪ್ರಶ್ನೆ: ಟೀಚರ್, ನಾನು ತೀರ್ಪುಗಾರರ ಪರೀಕ್ಷೆ ಪಾಸಾಗಿ ಮೊದಲ ಬಾರಿ ಪಂದ್ಯಾಟವೊಂದರಲ್ಲಿ ನಿಲ್ಲುತ್ತಿದ್ದೇನೆ. ಅಷ್ಟು ಜನರ ನಡುವೆ ಕಾರ್ಡ್ ತೋರಿಸಲು ಹೆದರಿಕೆಯಾಗುತ್ತದೆ. ಏನು ಮಾಡಲಿ?
ಕಾಪುವಿನ ಓದುಗರು

ಉತ್ತರ: ಮಗಳೇ ಎಂದು ಕರೆಯುವಷ್ಟು ಸಲುಗೆ ತೆಗೆದುಕೊಳ್ಳುತ್ತೇನೆ, ಬೇಸರಿಸಬೇಡಮ್ಮ. ಹೆದರಿಕೆ ಆಗಿಯೇ ಆಗುತ್ತದೆ. ಮೊದಲ ಐದು ನಿಮಿಷದಲ್ಲಿ ಕಂಡ ಮೊದಲ ತಪ್ಪಿಗೇ ವಿಸಿಲ್ ಊದು, ಅದು ಎಷ್ಟೇ ಸಣ್ಣದಿರಲಿ. ಆಮೇಲೆ ಊದುವುದು ಸುಲಭವಾಗುತ್ತದೆ. ಬೇಗ ಮುಗಿಸಿ ಎಂದು ಸಂಘಟಕರು ಬಂದರೆ ಗಡಿಯಾರ ಸ್ಕೋರರ್ ಹತ್ತಿರ ಇದೆ ಎಂದು ತೋರಿಸು. ಜಡೆ, ಬಟ್ಟೆ, ಕುತ್ತಿಗೆ, ಈ ಮೂರಕ್ಕೆ ಕೈ ಹೋದರೆ ಯೋಚಿಸಲು ನಿಲ್ಲಬೇಡ. ಪಂದ್ಯಾಟ ಯಾವ ಶನಿವಾರ ಎಂದು ಪತ್ರಿಕೆಗೆ ಬರೆದು ತಿಳಿಸು. ಉಡುಪಿಯಿಂದ ಕಾಪುವಿಗೆ ಬಸ್ಸಿಗೆ ಏನೂ ಕಷ್ಟವಿಲ್ಲ. ಬಂದು ಗೆರೆಯ ಹತ್ತಿರವೇ ಕುಳಿತುಕೊಳ್ಳುತ್ತೇನೆ.